ಪಥ್ಯ ಹೇಳದ ಚೀಟಿ

ಡಾಕ್ಟರ ಮುಂದೆ ನಮ್ಮ ಜನ ಹೇಳುವ ಅತಿ ಸಾಮಾನ್ಯ ಸುಳ್ಳು ಯಾವುದು ಗೊತ್ತಾ? ‘ಯಾವಾಗಲೋ ಒಮ್ಮೆ ಸಾರ್, ಸೋಷಿಯಲ್ ಆಗಿ.’ ಪಕ್ಕದಲ್ಲಿ ಅಮ್ಮ ಕೂತಿದ್ದರೆ ಅದೂ ಇಲ್ಲ. ‘ಛೇ ಛೇ, ಆ ಥರ ಅಭ್ಯಾಸ ಏನಿಲ್ಲ.’ ಇದು ಸುಳ್ಳು ಅಂತ ಡಾಕ್ಟರಿಗೂ ಗೊತ್ತು. ಆದರೆ ಹೊರಗೆ ಇನ್ನೂ ಇಪ್ಪತ್ತು ಜನ ಟೋಕನ್ ಹಿಡಿದು ಕೂತಿರುವಾಗ ಅದನ್ನು ಕೆದಕುವ ಪುರುಸೊತ್ತು ಅವರಿಗೆಲ್ಲಿ? ಅವರು ಚೀಟಿ ಬರೀತಾರೆ, ನಾವು ತಗೊಂಡು ಎದ್ದು ಬರ್ತೀವಿ. ಇಬ್ಬರಿಗೂ ನೆಮ್ಮದಿ. ಮಾತ್ರೆಗೆ ಮಾತ್ರ ಈ ಒಳಒಪ್ಪಂದದ ವಿಷಯ ಗೊತ್ತಿರಲ್ಲ. ಅದು ಹೊಟ್ಟೆಗೆ ಹೋಗಿ, ಅಲ್ಲಿ ಸಿಕ್ಕಿದ್ದರ ಜೊತೆ ತನ್ನ ಕೆಲಸ ತಾನು ಮಾಡುತ್ತೆ.

ಕುಡೀಬೇಡಿ ಅಂತ ಬುದ್ಧಿ ಹೇಳೋಕೆ ನಾನು ಇದನ್ನು ಬರೀತಿಲ್ಲ. ಆ ಕೆಲಸಕ್ಕೆ ನಿಮ್ಮ ಮನೆಯಲ್ಲೇ ಸಾಕಷ್ಟು ಜನ ಇದ್ದಾರೆ. ನನ್ನ ತಕರಾರು ಬೇರೆ. ನಮ್ಮಲ್ಲಿ ಕುಡಿತದ ಬಗ್ಗೆ ನಾಚಿಕೆ ಜಾಸ್ತಿ, ಮಾತ್ರೆ ಬಗ್ಗೆ ಭಯ ಕಡಿಮೆ. ನಾಚಿಕೆ ಇರುವುದರಿಂದ ಯಾರೂ ಕೇಳಲ್ಲ, ಭಯ ಇಲ್ಲದಿರುವುದರಿಂದ ಯಾರೂ ಹೇಳಲ್ಲ. ಈ ಎರಡರ ಮಧ್ಯೆ ಸಿಕ್ಕಿಕೊಳ್ಳುವುದು ನಮ್ಮ ಲಿವರ್ರು, ನಮ್ಮ ಹೊಟ್ಟೆ, ಕೆಲವೊಮ್ಮೆ ನಮ್ಮ ಜೀವ.

ಈ ವಿಷಯದಲ್ಲಿ ನಮ್ಮ ಸುತ್ತ ಇರುವುದು ಎರಡೇ ಪಂಥ. ಒಂದು, ‘ಏನೂ ಆಗಲ್ಲ ಮಗಾ’ ಪಂಥ. ಇದರ ಗುರುಗಳು ಟೀಮ್ ಔಟಿಂಗ್‌ನಲ್ಲಿ ಸಿಗ್ತಾರೆ. ‘ನಾನು ಹೋದ ಸಲ ಆಂಟಿಬಯೋಟಿಕ್ ಕೋರ್ಸಲ್ಲೇ ನಾಲ್ಕು ಹೊಡೆದೆ, ನೋಡು ಹೇಗಿದೀನಿ’ ಅಂತ ತಮ್ಮನ್ನೇ ಸಾಕ್ಷಿಯಾಗಿ ನಿಲ್ಲಿಸ್ತಾರೆ. ಇನ್ನೊಂದು, ‘ಯಾವ ಮಾತ್ರೆ ಜೊತೆಗೂ ಮುಟ್ಟಲೇಬಾರದು’ ಪಂಥ. ಇದರವರು ಮನೆಯಲ್ಲಿ, ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ, ಕೆಲವು ಕ್ಲಿನಿಕ್ಕುಗಳಲ್ಲಿ ಸಿಗ್ತಾರೆ. ಇಬ್ಬರೂ ಬದ್ಧವೈರಿಗಳ ಹಾಗೆ ಕಾಣ್ತಾರೆ. ಆದರೆ ‘ಯಾವ ಮಾತ್ರೆ?’ ಅನ್ನುವ ಒಂದೇ ಒಂದು ಪ್ರಶ್ನೆಯನ್ನು ಇಬ್ಬರೂ ಕೇಳಲ್ಲ.

ಎರಡನೇ ಪಂಥದಿಂದ ಅಪಾಯ ಏನಪ್ಪಾ ಅಂತೀರಾ? ಇದೆ. ‘ಮಾತ್ರೆ ಇದ್ದರೆ ಎಣ್ಣೆ ಇಲ್ಲ’ ಎಂದು ಒಂದೇ ಗೆರೆ ಎಳೆದರೆ, ಶುಕ್ರವಾರ ಸಂಜೆ ನಮ್ಮ ಹುಡುಗರು ಎಣ್ಣೆ ಬಿಡಲ್ಲ, ಮಾತ್ರೆ ಬಿಡ್ತಾರೆ. ಬಿಪಿ ಮಾತ್ರೆ ಶನಿವಾರ, ಭಾನುವಾರ ರಜೆ. ಆಂಟಿಬಯೋಟಿಕ್ ಐದು ದಿನದ್ದು ಮೂರೇ ದಿನಕ್ಕೆ ಮುಗಿಯುತ್ತೆ. ಫಿಟ್ಸ್ ಮಾತ್ರೆ ತಗೊಳ್ಳುವವನು ‘ಇವತ್ತೊಂದು ದಿನ ತಾನೇ’ ಅಂತಾನೆ. ಫಿಟ್ಸ್ ಮಾತ್ರೆ ತಪ್ಪಿಸುವುದು, ಅದರ ಮೇಲೆ ಕುಡಿಯುವುದು, ರಾತ್ರಿ ನಿದ್ದೆಗೆಡುವುದು, ಈ ಮೂರೂ ಫಿಟ್ಸ್ ಕರೆಯುವ ದಾರಿಗಳೇ. ಹಾಗಾಗಿ ಕಣ್ಮುಚ್ಚಿ ‘ಬೇಡ’ ಅನ್ನುವುದು ಸುರಕ್ಷಿತ ಸಲಹೆಯೇನಲ್ಲ. ಅದು ಸಲಹೆ ಕೊಡುವವರ ಕೈ ತೊಳೆದುಕೊಳ್ಳುವ ಉಪಾಯ.

ಹಾಗಾದರೆ ಯಾವ ಮಾತ್ರೆ? ಅಲ್ಲಿಂದಲೇ ಶುರು ಮಾಡೋಣ. ಸಾಧಾರಣ ಗಂಟಲುನೋವಿಗೆ ಕೊಡುವ ಅಮಾಕ್ಸಿಸಿಲಿನ್ ಜೊತೆ ಒಂದು ಗ್ಲಾಸ್ ಬಿಯರ್ ಕುಡಿದರೆ ಸಾಮಾನ್ಯವಾಗಿ ವಿಪರೀತ ಏನೂ ಆಗಲ್ಲ. ಜ್ವರ ಬಂದಾಗ ಕುಡಿಯುವುದು ಜಾಣತನವಲ್ಲ ಅನ್ನೋದು ಬೇರೆ ಮಾತು. ಆದರೆ ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್, ಟಿನಿಡಜೋಲ್ ಕತೆ ಬೇರೆ. ಎರಡನ್ನೂ ಜನ ‘ಆಂಟಿಬಯೋಟಿಕ್’ ಅಂತಲೇ ಕರೀತಾರೆ. ಮೊದಲನೆಯದನ್ನು ತಗೊಂಡು ಕುಡಿದು ಬಚಾವಾದವನು ಎರಡನೆಯದಕ್ಕೂ ಅದೇ ಧೈರ್ಯ ತೋರಿಸ್ತಾನೆ.

ಈ ಎರಡನೆಯದು ಯಾಕೆ ಬೇರೆ ಅಂತ ತಿಳಿಯಲು ಸ್ವಲ್ಪ ಡೆನ್ಮಾರ್ಕಿಗೆ ಹೋಗಿ ಬರಬೇಕು. 1940ರ ದಶಕದಲ್ಲಿ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್‌ಸನ್ ಎಂಬ ಇಬ್ಬರು ಸಂಶೋಧಕರು ಡೈಸಲ್ಫಿರಾಮ್ ಎಂಬ ರಾಸಾಯನಿಕವನ್ನು ಹೊಟ್ಟೆಹುಳದ ಔಷಧಿಯಾಗಿ ಬಳಸಬಹುದೇ ಎಂದು ನೋಡುತ್ತಿದ್ದರು. ಅದು ರಬ್ಬರ್ ಕಾರ್ಖಾನೆಯಲ್ಲಿ ಬಳಸುವ ವಸ್ತು. ಆ ಕಾಲದವರ ರೂಢಿಯಂತೆ ಮೊದಲು ತಾವೇ ನುಂಗಿ ನೋಡಿದರು. ಏನೂ ಆಗಲಿಲ್ಲ, ಕುಡಿಯುವ ತನಕ! ಕುಡಿದ ಮೇಲೆ ಮುಖ ಕೆಂಪಾಯಿತು, ಎದೆ ಡವಡವ ಹೊಡೆದುಕೊಂಡಿತು, ವಾಕರಿಕೆ ಬಂತು. ಕಾರಣ ಸರಳ. ನಮ್ಮ ಲಿವರ್ ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತೆ, ಆಮೇಲೆ ಅದನ್ನು ನಿರಪಾಯಕಾರಿ ವಸ್ತುವಾಗಿ ಮಾಡುತ್ತೆ. ಡೈಸಲ್ಫಿರಾಮ್ ಈ ಎರಡನೇ ಹಂತದ ಬಾಗಿಲು ಹಾಕಿಬಿಡುತ್ತೆ. ಮಧ್ಯದ ವಿಷ ಮೈಯಲ್ಲೇ ಉಳಿಯುತ್ತೆ. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹುಳದ ಔಷಧಿ ಆಗಬೇಕಿದ್ದದ್ದು ಕುಡಿತ ಬಿಡಿಸುವ ಔಷಧಿಯಾಯಿತು.

ಮೆಟ್ರೊನಿಡಜೋಲ್ ಜೊತೆ ಕುಡಿದರೂ ಇಂಥದೇ ಪ್ರತಿಕ್ರಿಯೆ ಆಗಬಹುದು ಎನ್ನುವುದು ಹಳೆಯ ಎಚ್ಚರಿಕೆ. ಎಷ್ಟು ಜನರಿಗೆ, ಎಷ್ಟು ಜೋರಾಗಿ ಆಗುತ್ತೆ ಎನ್ನುವ ಬಗ್ಗೆ ಸಂಶೋಧಕರಲ್ಲೇ ವಾದವಿದೆ. ಆದರೆ ಅಮೆರಿಕದ ಲೇಬಲ್ ಇವತ್ತಿಗೂ ಹೇಳುವುದು ಒಂದೇ: ಮಾತ್ರೆ ತಗೊಳ್ಳುವಷ್ಟು ದಿನ ಮತ್ತು ಮುಗಿದ ಮೇಲೂ ಕನಿಷ್ಠ 3 ದಿನ ಮದ್ಯ ಬೇಡ. ‘ಕೋರ್ಸ್ ಮುಗೀತು, ಇವತ್ತು ಪಾರ್ಟಿ’ ಅನ್ನುವವರು ಆ ಮೂರು ದಿನದ ಮಾತನ್ನು ಕೇಳೇ ಇರಲ್ಲ.

ಕೇಳಿರುವುದು ಹೇಗೆ? ಒಮ್ಮೆ ನಾನೂ ನನ್ನ ಗಂಡನೂ ಒಂದೇ ಹೋಟೆಲಿನ ಊಟ ತಿಂದು ಒಟ್ಟಿಗೆ ಹೊಟ್ಟೆ ಕೆಡಿಸಿಕೊಂಡು ಒಂದು ಕ್ಲಿನಿಕ್ಕಿಗೆ ಹೋದೆವು. ಇಬ್ಬರಿಗೂ ಅದೇ ಮಾತ್ರೆ, ಅದೇ ಐದು ದಿನ. ಡಾಕ್ಟರು ಗಂಡನ ಕಡೆ ತಿರುಗಿ, ‘ನೋಡಿ, ಇದು ಮುಗಿಯೋ ತನಕ ಡ್ರಿಂಕ್ಸ್ ಬೇಡ’ ಅಂದರು. ನನ್ನ ಕಡೆ ತಿರುಗಿ, ‘ನೀವು ಮಜ್ಜಿಗೆ ಅನ್ನ ತಿನ್ನಿಮ್ಮಾ’ ಅಂದರು. ನನ್ನ ಗಂಡ ಕುಡಿಯುವವನೇ ಅಲ್ಲ. ವಾರಕ್ಕೊಮ್ಮೆ ಗೆಳತಿಯರ ಜೊತೆ ವೈನ್ ಕುಡಿಯುವುದು ನಾನು. ಹೆಂಗಸು ಕುಡೀತಾಳೆ ಅನ್ನುವ ಊಹೆಯೇ ಅಗೌರವ ಅಂತ ಅವರು ಭಾವಿಸಿರಬೇಕು. ಒಳ್ಳೇ ಮನುಷ್ಯರೇ, ಪಾಪ. ಆದರೆ ನನ್ನ ಮರ್ಯಾದೆ ಕಾಪಾಡುವ ಭರದಲ್ಲಿ ನನ್ನ ಲಿವರ್ ಮರೆತರು. ಇದೇ ಮೆಟ್ರೊನಿಡಜೋಲನ್ನು ಹೆಂಗಸರ ಸೋಂಕುಗಳಿಗೂ ಧಾರಾಳವಾಗಿ ಬರೀತಾರೆ. ಅಲ್ಲಂತೂ ಪ್ರಶ್ನೆ ಇನ್ನೂ ಕಷ್ಟ. ಕುಡಿತದ ಮಾತು ಹಾಗಿರಲಿ, ‘ಮದುವೆ ಆಗಿದೆಯಾ?’ ದಾಟಿ ಮಾತು ಮುಂದೆ ಹೋದರೆ ಪುಣ್ಯ.

ಇನ್ನು ನಿದ್ದೆ ಮತ್ತು ಆತಂಕದ ಮಾತ್ರೆಗಳು. ಡೆಡ್‌ಲೈನು, ಅಪ್ರೈಸಲ್ಲು, ಅಮೆರಿಕದವರ ಕಾಲು ಅಂತ ನಮ್ಮ ತಲೆಮಾರಿನ ಬ್ಯಾಗುಗಳಲ್ಲಿ ಆಲ್ಪ್ರಜೋಲಮ್, ಕ್ಲೊನಜೆಪಮ್ ಸೇರಿಕೊಂಡಿವೆ. ಇವು ಮಿದುಳಿನಲ್ಲಿ ಎಲ್ಲಿ ಬ್ರೇಕ್ ಹಾಕುತ್ತವೋ ಮದ್ಯವೂ ಅಲ್ಲೇ ಬ್ರೇಕ್ ಹಾಕುತ್ತೆ. ಎರಡೂ ಸೇರಿದರೆ ಎಚ್ಚರ ತಪ್ಪುವುದು, ಉಸಿರಾಟ ನಿಧಾನವಾಗುವುದು ಬರೀ ಹೆದರಿಸುವ ಮಾತಲ್ಲ. ‘ಮಾತ್ರೆ ನಿನ್ನೆ ರಾತ್ರಿದು, ಎಣ್ಣೆ ಇವತ್ತಿಂದು’ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಕ್ಲೊನಜೆಪಮ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30ರಿಂದ 40 ಗಂಟೆ ಬೇಕು. ಗುರುವಾರ ರಾತ್ರಿ ನುಂಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಶುಕ್ರವಾರ ಸಂಜೆ ನಿಮ್ಮ ಜೊತೆಗೇ ಪಬ್ಬಿಗೆ ಬಂದಿರುತ್ತೆ. ಹಾಗಂತ ತಿಂಗಳುಗಟ್ಟಲೆ ತಗೊಳ್ಳುತ್ತಿದ್ದ ಮಾತ್ರೆಯನ್ನು ಪಾರ್ಟಿಗಾಗಿ ಥಟ್ಟನೆ ನಿಲ್ಲಿಸಿದರೆ ಅದು ಇನ್ನೊಂದು ಅಪಾಯ.

ಶೀತದ ಮಾತ್ರೆಯನ್ನಂತೂ ನಾವು ಔಷಧಿ ಅಂತಲೇ ಲೆಕ್ಕಕ್ಕೆ ತಗೊಳ್ಳಲ್ಲ. ಮೂಗು ಸೋರುವುದನ್ನು ನಿಲ್ಲಿಸುವ ಕ್ಲೋರ್‌ಫೆನಿರಮೈನ್, ಸೆಟ್ರಿಜಿನ್ ಇಂಥವು ತೂಕಡಿಕೆ ತರಿಸುತ್ತವೆ. ಒಂದು ಬಿಯರ್ ಅದನ್ನು ಇಮ್ಮಡಿ ಮಾಡಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮಿತಿ. ನೀವು ಊದಿದಾಗ ಪೊಲೀಸರ ಯಂತ್ರ ಆ ಲೆಕ್ಕ ಮಾತ್ರ ನೋಡುತ್ತೆ, ಬೆಳಿಗ್ಗೆ ನುಂಗಿದ ಮಾತ್ರೆಯ ಲೆಕ್ಕ ಅದಕ್ಕೆ ಗೊತ್ತಾಗಲ್ಲ. ಯಂತ್ರ ಪಾಸ್ ಮಾಡಿತು ಅಂತ ಔಟರ್ ರಿಂಗ್ ರೋಡು ಪಾಸ್ ಮಾಡಬೇಕಲ್ಲ?

ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಗುವುದು ಶುಗರ್ ಮಾತ್ರೆಯ ವಿಷಯ. ಮೂವತ್ತೈದಕ್ಕೇ ಶುಗರ್ ಬಂದಿರುವ ಸಹೋದ್ಯೋಗಿ ನಿಮಗೂ ಒಬ್ಬರಾದರೂ ಇರ್ತಾರೆ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಬಿಟ್ಟು ಕುಡಿದರೆ ರಕ್ತದ ಸಕ್ಕರೆ ಕುಸಿಯಬಹುದು. ಮಾಮೂಲಿಯಾಗಿ ಸಕ್ಕರೆ ಇಳಿದಾಗ ಲಿವರ್ ಹೊಸದಾಗಿ ತಯಾರಿಸಿ ಕೊಡುತ್ತೆ. ಮದ್ಯ ಒಡೆಯುವುದರಲ್ಲಿ ಮುಳುಗಿರುವ ಲಿವರ್‌ಗೆ ಆ ಕೆಲಸ ಸರಿಯಾಗಿ ಆಗಲ್ಲ. ಸಕ್ಕರೆ ಕುಸಿದವನು ಹೇಗೆ ಕಾಣ್ತಾನೆ? ಬೆವರುತ್ತಾನೆ, ತೊದಲುತ್ತಾನೆ, ತೂರಾಡುತ್ತಾನೆ, ಸಿಡುಕುತ್ತಾನೆ. ಕುಡಿದವನು ಹೇಗೆ ಕಾಣ್ತಾನೆ? ಥೇಟ್ ಹಾಗೇ. ಟೇಬಲ್ಲಿನ ಸುತ್ತ ಇರುವವರು, ‘ಇವನಿಗೆ ಜಾಸ್ತಿ ಆಯ್ತು ಕಣ್ರೋ, ಮಲಗಿಸಿ’ ಅಂತಾರೆ. ಅವನಿಗೆ ಬೇಕಿದ್ದದ್ದು ಹಾಸಿಗೆಯಲ್ಲ, ತಕ್ಷಣ ಸಕ್ಕರೆ. ನುಂಗಲಾಗದ ಸ್ಥಿತಿಯಲ್ಲಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆ. ಎಬ್ಬಿಸುವುದು ಬೇಡ, ಬೆಳಿಗ್ಗೆ ಸರಿಹೋಗ್ತಾನೆ ಅಂದುಕೊಂಡ ಗೆಳೆಯರು ಕೆಟ್ಟವರಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇನ್ನು ‘ಒಂದೇ ಬಿಯರ್’ ಎಂಬ ಪದದ ಲೆಕ್ಕ ಒಮ್ಮೆ ಮಾಡೋಣ. ನಮ್ಮ 650 ಮಿಲಿಯ ಸ್ಟ್ರಾಂಗ್ ಬಾಟಲಿಯಲ್ಲಿ ಶೇ. 8 ಆಲ್ಕೋಹಾಲ್ ಇದ್ದರೆ, ಅದು ಸುಮಾರು 41 ಗ್ರಾಂ. ಅಮೆರಿಕದವರು ‘ಒಂದು ಡ್ರಿಂಕ್’ ಅನ್ನುವುದು 14 ಗ್ರಾಂಗೆ. ಅಂದರೆ ನಮ್ಮ ಒಂದೇ ಬಿಯರ್ ಅವರ ಲೆಕ್ಕದಲ್ಲಿ ಹತ್ತಿರಹತ್ತಿರ ಮೂರು. ಅಲ್ಲಿಯ ಪ್ಯಾರಸಿಟಮಾಲ್ ಡಬ್ಬಿಯ ಮೇಲೆ ದಿನಕ್ಕೆ ಮೂರು ಅಥವಾ ಹೆಚ್ಚು ಡ್ರಿಂಕ್ ತಗೊಳ್ಳುವವರಿಗೆ ಲಿವರ್ ಎಚ್ಚರಿಕೆ ಇರುತ್ತೆ. ದಿನಾ ಒಂದು ಸ್ಟ್ರಾಂಗ್ ಬಾಟಲಿ ಕುಡಿಯುವವನು, ಪಾಪ, ತಾನು ‘ಒಂದೇ’ ಕುಡಿಯುವವನು ಅಂದುಕೊಂಡಿರ್ತಾನೆ.

ಪ್ಯಾರಸಿಟಮಾಲ್ ಒಳ್ಳೇ ಔಷಧಿ. ಮಿತಿಯಲ್ಲಿದ್ದರೆ ಅದರಷ್ಟು ಸಾಧು ಇನ್ನೊಂದಿಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ. ಆದರೆ ಅದು ಎಲ್ಲೆಲ್ಲಿ ಅಡಗಿದೆ ನೋಡಿ. ಜ್ವರಕ್ಕೆ 650ರ ಮಾತ್ರೆ ದಿನಕ್ಕೆ ಮೂರು, 1,950 ಮಿಲಿಗ್ರಾಂ. ಶೀತದ ಮಾತ್ರೆಯೊಳಗೆ 500 ಇರುತ್ತೆ, ಮೂರು ಸಲ ಅಂದರೆ 1,500. ಕತ್ತುನೋವಿನ ಕಾಂಬಿನೇಷನ್ ಮಾತ್ರೆಯೊಳಗೆ 325, ಎರಡು ಸಲಕ್ಕೆ 650. ಕೂಡಿ. 4,100. ನೀವು ಯಾವ ಮಾತ್ರೆಯನ್ನೂ ‘ಜಾಸ್ತಿ’ ತಗೊಂಡಿಲ್ಲ, ಆದರೂ ಮಿತಿ ದಾಟಿದ್ದೀರಿ. ದಿನಾ ಕುಡಿಯುವ, ಸರಿಯಾಗಿ ಉಣ್ಣದ ಮೈಯಲ್ಲಿ ಪ್ಯಾರಸಿಟಮಾಲ್‌ನಿಂದ ಹುಟ್ಟುವ ವಿಷವಸ್ತು ಹೆಚ್ಚು, ಅದನ್ನು ತಣ್ಣಗಾಗಿಸುವ ಗ್ಲುಟಾಥಯೋನ್ ಕಡಿಮೆ. ಆ ಕತ್ತುನೋವಿನ ಮಾತ್ರೆಯಲ್ಲಿ ಡೈಕ್ಲೊಫಿನಾಕೋ ಅಸಿಕ್ಲೊಫಿನಾಕೋ ಇದ್ದರೆ ಮದ್ಯದ ಜೊತೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಬೇರೆ. ಮೇಲೊಂದು ಗ್ಯಾಸ್ ಮಾತ್ರೆಯೋ ಲಿವರ್ ಟಾನಿಕ್ಕೋ ಹಾಕಿಕೊಂಡರೆ ಎಲ್ಲಾ ಮಾಫಿ ಅನ್ನುವುದು ನಂಬಿಕೆ, ವೈದ್ಯಶಾಸ್ತ್ರವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಿಟ್ಟಿಗೆ ಬರ್ತೀನಿ. ಇದೆಲ್ಲ ಗುಟ್ಟಿನ ವಿದ್ಯೆಯಲ್ಲ. ಲೇಬಲ್ಲುಗಳಲ್ಲಿ, ಪುಸ್ತಕಗಳಲ್ಲಿ ಬರೆದಿಟ್ಟದ್ದೇ. ನಮಗೆ ತಲುಪಲ್ಲ ಅಷ್ಟೇ. ಯಾಕೆ?

ಹಾಸನದ ಕಡೆಯ ಒಂದು ಸಣ್ಣ ಊರಿನಲ್ಲಿ ನನ್ನ ಸೋದರಮಾವನ ಮೆಡಿಕಲ್ ಶಾಪ್ ಇದೆ. ಕಾಲೇಜು ರಜೆಯಲ್ಲಿ ಅಲ್ಲಿ ಕೂರುತ್ತಿದ್ದೆ. ಜನ ಇಡೀ ಸ್ಟ್ರಿಪ್ ಕೊಳ್ಳಲ್ಲ. ‘ನಾಲ್ಕು ಕೊಡಿ’, ‘ಎರಡು ಸಾಕು’ ಅಂತಾರೆ. ಮಾವ ಕತ್ತರಿ ಹಾಕ್ತಾರೆ. ಔಷಧಿಯ ಹೆಸರು ಅರ್ಧ ಈ ತುಂಡಿಗೆ, ಅರ್ಧ ಆ ತುಂಡಿಗೆ. ಎಕ್ಸ್‌ಪೈರಿ ದಿನಾಂಕ ಕೊನೆಗೆ ಕೊಳ್ಳುವವನ ಪಾಲಿಗೆ. ಇಡೀ ಡಬ್ಬಿಯೊಳಗೆ ಕಾಗದದ ಚೀಟಿಯೊಂದಿದ್ದರೆ ಅದು ಮಾವನ ಕಸದ ಬುಟ್ಟಿಗೆ. ಅದನ್ನೊಮ್ಮೆ ಬಿಡಿಸಿ ನೋಡಿದೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಮೇಲೆ ಬರೆದಿದ್ದು: ನೋಂದಾಯಿತ ವೈದ್ಯರು, ಆಸ್ಪತ್ರೆ ಅಥವಾ ಪ್ರಯೋಗಾಲಯದ ಬಳಕೆಗೆ ಮಾತ್ರ. ಅಂದರೆ ಅದು ನುಂಗುವವನಿಗೆ ಬರೆದದ್ದಲ್ಲ. ದುಡ್ಡು ಕೊಡುವುದು ನಾನು, ನುಂಗುವುದು ನಾನು, ಕಾಗದ ಮಾತ್ರ ಬೇರೆಯವರಿಗೆ.

‘ನೀವಾದರೂ ಹೇಳಬಹುದಲ್ಲ ಮಾವ?’ ಅಂದರೆ ಅವರ ಉತ್ತರ ರೆಡಿ ಇತ್ತು. ‘ಅಲ್ಲ ಕಣೇ, ಡಾಕ್ಟ್ರೇ ಹೇಳಿಲ್ಲ ಅಂದ್ಮೇಲೆ ನಾನ್ಯಾಕೆ ಹೇಳ್ಲಿ? ಹೇಳಿದ್ರೆ ಇದೇನೋ ಡೇಂಜರ್ ಮಾತ್ರೆ ಅಂತ ವಾಪಸ್ ಕೊಟ್ಟು ಪಕ್ಕದ ಅಂಗಡಿಗೆ ಹೋಗ್ತಾನೆ.’ ಡಾಕ್ಟರು ಅಂಗಡಿಯವರು ಹೇಳ್ತಾರೆ ಅಂದುಕೊಂಡಿರ್ತಾರೆ, ಅಂಗಡಿಯವರು ಡಾಕ್ಟರು ಹೇಳಿರ್ತಾರೆ ಅಂದುಕೊಂಡಿರ್ತಾರೆ.

ಕಾನೂನು ಇಲ್ಲ ಅಂತಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ, ಔಷಧಿ ಕೊಡುವಾಗ ಫಾರ್ಮಸಿಸ್ಟ್ ರೋಗಿಗೆ ತಿಳಿಸಬೇಕಾದ ವಿಷಯಗಳ ಪಟ್ಟಿಯೇ ಇದೆ. ಹೇಗೆ ತಗೋಬೇಕು, ಏನು ಎಚ್ಚರಿಕೆ, ಯಾವ ಅಡ್ಡಪರಿಣಾಮ, ಯಾವುದರ ಜೊತೆ ಬೆರೆಸಬಾರದು ಎಲ್ಲಾ. ಆಲ್ಪ್ರಜೋಲಮ್‌ನಂಥ ಮಾತ್ರೆಗಳು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1ರಲ್ಲಿವೆ. ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂದು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆಂಟಿಬಯೋಟಿಕ್ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಅರ್ಥ ಜನರಿಗೆ ತಿಳಿಯಲಿ ಅಂತ 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಪ್ರಚಾರವನ್ನೂ ಮಾಡಿತು. ನಿಮ್ಮ ಆಫೀಸಿನಲ್ಲಿ ಕೇಳಿ ನೋಡಿ, ಆ ಗೆರೆ ಡಿಸೈನ್ ಅಂದುಕೊಂಡವರೇ ಜಾಸ್ತಿ ಸಿಗ್ತಾರೆ.

ಬ್ರಿಟನ್ನಿನಲ್ಲಿ ಈ ಕೆಲಸ ಹೇಗೆ ಮಾಡ್ತಾರೆ ಗೊತ್ತಾ? ಯಾವ ಔಷಧಿಗೆ ಯಾವ ಎಚ್ಚರಿಕೆ ಅಂತ ನಂಬರ್ ಹಾಕಿದ ಪಟ್ಟಿ ಇದೆ. ಮದ್ಯ ಕುಡಿಯಬೇಡಿ ಎಂಬುದು ಅದರಲ್ಲಿ 4ನೇ ನಂಬರು. ತೂಕಡಿಕೆ ಬರಬಹುದು, ಬಂದರೆ ಗಾಡಿ ಓಡಿಸಬೇಡಿ, ಕುಡಿಯಬೇಡಿ ಎಂಬುದು 2ನೇ ನಂಬರು. ಫಾರ್ಮಸಿಸ್ಟ್ ಡಬ್ಬಿಗೆ ಅಂಟಿಸುವ ಲೇಬಲ್ಲಿನಲ್ಲಿ ಈ ಸಾಲು ಅಚ್ಚಾಗಿ ಬರುತ್ತೆ. ಯಾರೂ ಯಾರನ್ನೂ ‘ಕುಡೀತೀಯಾ?’ ಅಂತ ಕೇಳಬೇಕಿಲ್ಲ, ಯಾರೂ ಸುಳ್ಳು ಹೇಳಬೇಕಿಲ್ಲ. ಅಜ್ಜಿಗೂ ಅದೇ ಲೇಬಲ್, ಮೊಮ್ಮಗಳಿಗೂ ಅದೇ. ನಾಚಿಕೆಯನ್ನು ದಾಟಲು ಇದಕ್ಕಿಂತ ಅಗ್ಗದ ದಾರಿ ನನಗಂತೂ ಕಾಣಲ್ಲ.

ನಮ್ಮಲ್ಲೋ? 2019ರಿಂದ ಮದ್ಯದ ಬಾಟಲಿಯ ಮೇಲೆ ಕುಡಿದು ಗಾಡಿ ಓಡಿಸಬೇಡಿ ಎಂಬ ಎಚ್ಚರಿಕೆ ಕಡ್ಡಾಯ. ಬಾಟಲಿಗೆ ಗಾಡಿಯ ಚಿಂತೆ ಇದೆ, ಮಾತ್ರೆಗೆ ಬಾಟಲಿಯ ಚಿಂತೆ ಇಲ್ಲ. 2024ರ ತಿದ್ದುಪಡಿಯ ಪ್ರಕಾರ ಅಂಗಡಿಯ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಮೆಡಿಕಲ್ ಶಾಪಿಗೂ ಅದು ಅನ್ವಯ. ಬೋರ್ಡಿನ ಕೆಳಗೆ ಮಾರುವ ಮಾತ್ರೆಯ ಎಚ್ಚರಿಕೆಯಲ್ಲಿ ಕನ್ನಡ ಎಷ್ಟಿದೆ? ಸ್ಟ್ರಿಪ್ ತಿರುಗಿಸಿ ಹುಡುಕಿ, ಒಂದಕ್ಷರ ಸಿಕ್ಕರೆ ಹೇಳಿ. ಒಂದು ತಮಾಷೆ ಕೇಳಿ. ಔಷಧಿಯಿಂದ ತೊಂದರೆಯಾದರೆ ರೋಗಿಗಳೇ ದೂರು ಕೊಡಲು ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದವರು ಒಂದು ಫಾರ್ಮ್ ಮಾಡಿದ್ದಾರೆ. ಅದು ಕನ್ನಡದಲ್ಲೂ ಇದೆ. ಅಂದರೆ ಅಡ್ಡಪರಿಣಾಮ ಆದ ಮೇಲೆ ಕನ್ನಡದಲ್ಲಿ ನರಳಬಹುದು, ಆಗುವ ಮೊದಲು ಕನ್ನಡದಲ್ಲಿ ಎಚ್ಚರಿಸಲು ಮಾತ್ರ ಯಾರೂ ಇಲ್ಲ.

ಇದಕ್ಕೆ ಡಾಕ್ಟರ ಗೆಳೆಯರು ಹೇಳುವ ಮಾತೊಂದಿದೆ: ‘ಎಲ್ಲಾ ಅಡ್ಡಪರಿಣಾಮ ಹೇಳಿದರೆ ಜನ ಮಾತ್ರೆಯನ್ನೇ ಬಿಡ್ತಾರೆ.’ ಇದನ್ನು ನಾನು ತಳ್ಳಿಹಾಕಲ್ಲ. ಗೂಗಲ್‌ನಲ್ಲಿ ಪಟ್ಟಿ ಓದಿ ಒಳ್ಳೇ ಔಷಧಿಯನ್ನು ಚರಂಡಿಗೆ ಹಾಕಿದವರನ್ನು ನಾನೂ ನೋಡಿದ್ದೇನೆ. ಆದರೆ ಅವರು ಹೆದರಿದ್ದು ಯಾಕೆ? ಲಕ್ಷಕ್ಕೊಬ್ಬರಿಗೆ ಆಗುವುದನ್ನೂ ಹತ್ತಕ್ಕೊಬ್ಬರಿಗೆ ಆಗುವುದನ್ನೂ ಒಂದೇ ಸಾಲಿನಲ್ಲಿ, ಒಬ್ಬರೇ ಕೂತು, ರಾತ್ರಿ ಹನ್ನೊಂದಕ್ಕೆ ಓದಿದ್ದಕ್ಕೆ. ಇಪ್ಪತ್ತು ಅಡ್ಡಪರಿಣಾಮ ಹೇಳಬೇಕಿಲ್ಲ. ಮುಖ್ಯವಾದ ಎರಡು ಹೇಳಿ. ಯಾವುದಾದರೆ ಸುಮ್ಮನಿರಬಹುದು, ಯಾವುದಾದರೆ ಓಡಿ ಬರಬೇಕು ಅಂತ ಹೇಳಿ. ಹೇಳದೇ ಬಿಟ್ಟರೆ ರೋಗಿ ಸುಮ್ಮನಿರಲ್ಲ, ಇಂಟರ್ನೆಟ್ಟನ್ನು ಕೇಳ್ತಾನೆ.

ಹೇಳದೇ ಮಾಡುವುದರ ಪರಮಾವಧಿ ನಮ್ಮ ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲಿದೆ. ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ.’ ಸಾರಿನಲ್ಲೋ ಕಾಫಿಯಲ್ಲೋ ಬೆರೆಸುವ ಪುಡಿ. ಒಳಗೇನಿದೆ ಅಂತ ಮಾರುವವನೂ ಹೇಳಲ್ಲ. ಗಂಡನ ಕುಡಿತದಿಂದ ನೊಂದ ಹೆಂಗಸು ಅದನ್ನು ಕೊಂಡರೆ ನಾನು ಅವಳನ್ನು ಬೈಯಲಾರೆ. ಆದರೆ ನಿಜವಾದ ಡೈಸಲ್ಫಿರಾಮ್ ಬಗ್ಗೆ ಅಮೆರಿಕದ ಲೇಬಲ್ಲಿನ ಚೌಕಟ್ಟಿನೊಳಗಿನ ಎಚ್ಚರಿಕೆಯೇ ಇದು: ರೋಗಿಗೆ ಪೂರ್ತಿ ತಿಳಿಸದೆ ಎಂದೂ ಕೊಡಬಾರದು, ಕುಡಿದಿರುವಾಗ ಎಂದೂ ಕೊಡಬಾರದು. ತಿಳಿಯದೆ ನುಂಗಿ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ತಿಳಿದು ತಗೊಳ್ಳುವವರೂ ಆ ದಿನಗಳಲ್ಲಿ ಅರಿಷ್ಟ, ಆಸವಗಳಿಂದ, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪಿನಿಂದ ದೂರ ಇರಬೇಕು. ಅರಿಷ್ಟದಲ್ಲಿ ಹುದುಗುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತೆ. ‘ನಾನು ಕುಡಿಯೋದೇ ಇಲ್ಲ’ ಅನ್ನುವ ಅಜ್ಜಿಗೂ ಇದು ಗೊತ್ತಿರಲ್ಲ.

ವಿಚಿತ್ರ ಏನೆಂದರೆ ಈ ಪ್ರಶ್ನೆ ಕೇಳುವ ಅಭ್ಯಾಸ ನಮಗೆ ಹೊಸದಲ್ಲ. ನಮ್ಮ ಅಜ್ಜ ಅಜ್ಜಿ ನಾಟಿ ವೈದ್ಯರ ಹತ್ತಿರ ಹೋದರೆ ಔಷಧಿ ಕೈಗೆ ಬರುವ ಮೊದಲೇ ಕೇಳುತ್ತಿದ್ದದ್ದು, ‘ಪಥ್ಯ ಏನು?’ ಬದನೆಕಾಯಿ ಬೇಡ, ಹುಳಿ ಬೇಡ, ಖಾರ ಬೇಡ ಅಂತ ಅವರೂ ಪಟ್ಟಿ ಕೊಡುತ್ತಿದ್ದರು. ಆ ಪಟ್ಟಿಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅನ್ನುವುದು ಬೇರೆ. ಆದರೆ ಔಷಧಿಯಷ್ಟೇ ಪಥ್ಯವೂ ಮುಖ್ಯ, ಅದನ್ನು ಕೇಳುವುದರಲ್ಲಿ ನಾಚಿಕೆ ಇಲ್ಲ, ಹೇಳುವುದು ವೈದ್ಯನ ಕರ್ತವ್ಯ ಅನ್ನುವ ತಿಳಿವಳಿಕೆ ಇತ್ತು. ಇಂಗ್ಲಿಷ್ ಔಷಧಿಗೆ ಪಥ್ಯ ಇಲ್ಲ ಅಂತ ನಮಗೆ ಯಾರು ಹೇಳಿಕೊಟ್ಟರೋ. ಪಥ್ಯ ಇದೆ. ಬದನೆಕಾಯಿಯ ಜಾಗದಲ್ಲಿ ಬಾಟಲಿ ಇದೆ, ಅಷ್ಟೇ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಡಾಕ್ಟರುಗಳೇ, ಗಂಡು ಹೆಣ್ಣು, ವಿಭೂತಿ ಟ್ಯಾಟೂ ನೋಡದೆ ಎಲ್ಲರಿಗೂ ಒಂದೇ ವಾಕ್ಯ ಹೇಳಿ: ‘ಈ ಮಾತ್ರೆ ಜೊತೆ ಮದ್ಯ ಆಗಲ್ಲ, ಇಷ್ಟು ದಿನ.’ ಆಗುವುದಾದರೆ ಅದನ್ನೂ ಹೇಳಿ, ಆಗ ‘ಬೇಡ’ ಅಂದದ್ದಕ್ಕೆ ಬೆಲೆ ಬರುತ್ತೆ. ಮೆಡಿಕಲ್ ಶಾಪಿನವರೇ, ಸ್ಟ್ರಿಪ್ ಕತ್ತರಿಸಿ ಹಾಕುವ ಆ ಖಾಕಿ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಅಂತ ಗೀಟು ಹಾಕ್ತೀರಲ್ಲ, ಪಕ್ಕದಲ್ಲಿ ಕನ್ನಡದಲ್ಲಿ ಒಂದು ರಬ್ಬರ್ ಸ್ಟ್ಯಾಂಪ್ ಹೊಡೀರಿ. ಹತ್ತು ನಿಮಿಷಕ್ಕೆ ಮಾತ್ರೆ ಮನೆಗೆ ತಲುಪಿಸುವ ಆ್ಯಪ್‌ನವರೇ, ‘ಇದನ್ನೂ ಕೊಂಡವರು ಅದನ್ನೂ ಕೊಂಡರು’ ಅಂತ ತೋರಿಸುವ ಜಾಗದಲ್ಲಿ ಇದರ ಜೊತೆ ಯಾವುದು ಬೇಡ ಅಂತ ತೋರಿಸಿ. ಸರ್ಕಾರಕ್ಕೆ ಒಂದೇ ಮಾತು, ಬೋರ್ಡಿನ ಕನ್ನಡವನ್ನು ಮಾತ್ರೆಯ ಡಬ್ಬಿಯವರೆಗೂ ತನ್ನಿ.

ನಾವು? ಮುಂದಿನ ಸಲ ಚೀಟಿ ಕೈಗೆ ಬಂದಾಗ ಏಳುವ ಮೊದಲು ಮೂರು ಪ್ರಶ್ನೆ. ಇದರ ಜೊತೆ ಕುಡಿಯಬಹುದಾ, ಇಲ್ಲದಿದ್ದರೆ ಮುಗಿದು ಎಷ್ಟು ದಿನದ ಮೇಲೆ? ನಾನು ತಗೊಳ್ಳುತ್ತಿರುವ ಬೇರೆ ಮಾತ್ರೆಗಳ ಜೊತೆ ಸರಿಹೋಗುತ್ತಾ? ಏನಾದರೆ ಫೋನ್ ಮಾಡಬೇಕು? ಎಷ್ಟು ಕುಡೀತೀರಿ ಅಂತ ಅವರು ಕೇಳಿದರೆ ಮಿಲಿ ಲೆಕ್ಕದಲ್ಲಿ ನಿಜ ಹೇಳಿ. ಅಮ್ಮ ಪಕ್ಕದಲ್ಲಿದ್ದರೆ ‘ಎರಡು ನಿಮಿಷ ಹೊರಗಿರಮ್ಮ’ ಅನ್ನಿ. ಮಾತ್ರೆಯಿಂದ ತೊಂದರೆಯಾಗಿದೆ ಅನ್ನಿಸಿದರೆ ಮೊದಲು ಡಾಕ್ಟರಿಗೆ ತಿಳಿಸಿ, ಆಮೇಲೆ ಆ ದೂರಿನ ಸಹಾಯವಾಣಿಗೆ: 1800-180-3024. ಕರೆಗೆ ದುಡ್ಡಿಲ್ಲ. ಯಾರೂ ದೂರು ಕೊಡದ ದೇಶದಲ್ಲಿ ಮಾತ್ರೆಗಳೆಲ್ಲ ಸುರಕ್ಷಿತವಾಗಿಯೇ ಕಾಣುತ್ತವೆ.